ನಮ್ಮ ಮಾವನವರ ಝಡತಿ ಪ್ರಕರಣ

ಓದುಗ ಮಹಾಶಯರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನನ್ನ ಸೋದರಮಾವನವರಷ್ಟು ಪ್ರಾಮಾಣಿಕರೂ, ಆ ಪ್ರಾಮಾಣಿಕತೆಯಿಂದಲೇ ಸುತ್ತಲಿನವರ ಪ್ರಾಣ ಹಿಂಡಿದವರೂ ಬಾದಾಮಿಯಿಂದ ಇಳಕಲ್ಲಿನವರೆಗೆ ಇನ್ನೊಬ್ಬರಿಲ್ಲ. ಇದು ಉತ್ಪ್ರೇಕ್ಷೆಯೆಂದು ಆಕ್ಷೇಪಿಸುವವರು ಮುಂದೆ ಓದತಕ್ಕದ್ದು!

ಎಪ್ಪತ್ತರ ದಶಕದ ಕೊನೆಯವರೆಗೆ ಸದರಿಯವರು ಇಳಕಲ್ಲಿನ ಒಂದು ರೇಷ್ಮೆ ನೂಲಿನ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಸಂಜೆ ಹೊರಡುವ ಆಳುಗಳ ಅಂಗಿ, ಧೋತರ ತಡವಿ ಝಡತಿ ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ. ಮಾಲಕರು ದಾಕ್ಷಿಣ್ಯದವರು, "ಹೋಗ್ರಿ, ಹೋಗ್ರಿ" ಎಂದು ಕೈಬೀಸಿಬಿಡುತ್ತಿದ್ದರು. ಮಾವನವರು ಬಿಡಬೇಕಲ್ಲ! ಬಾಗಿಲಲ್ಲಿ ಎರಡೂ ಕೈ ಚಾಚಿ, "ಝಡತಿ ಆಗದ ನಾ ಹೊಸ್ತಿಲಾ ದಾಟೂದಿಲ್ರಿ" ಎಂದು ನಿಲ್ಲುವರು. ಒಬ್ಬರದು ಆದ ಮೇಲೆ ಉಳಿದವರದನ್ನು ಬಿಡಲಾದೀತೆ? ಹಸಿದ ಸಹೋದ್ಯೋಗಿಗಳೆಲ್ಲ ಹಿಂದೆ ಸಾಲುಗಟ್ಟಿ ಹಲ್ಲು ಕಡಿಯುತ್ತಿದ್ದರು.

ಮಾವನವರು ಕೆಲಸ ಬಿಟ್ಟು ಬಾದಾಮಿಯಲ್ಲಿ ಸೀರೆಯಂಗಡಿ ತೆರೆದದ್ದೇ ತಡ, ಆ ಸಹೋದ್ಯೋಗಿ ಮಹನೀಯರು ಸೇಡು ತೀರಿಸಿಕೊಂಡರು. "ಅಂವಾ ಬಿಟ್ಟಿದ್ದಲ್ಲಲೇ, ಬಿಡಿಸಿದ್ದು. ಧೋತರದಾಗ ರೇಷ್ಮಿ ಲಡಿ ಸಿಕ್ತು!" ಹುನಗುಂದದಲ್ಲಿ ನೂಲಿನ ಒಂದು ಲಡಿಯಾಗಿದ್ದ ಈ ಶುದ್ಧ ಸುಳ್ಳು ಕೆರೂರ ಸಂತೆಯಲ್ಲಿ ಗಂಟಾಗಿ, ಬಾದಾಮಿ ಮುಟ್ಟುವಷ್ಟರಲ್ಲಿ ಎತ್ತಿನ ಚಕ್ಕಡಿಯೇ ಆಗಿತ್ತು! ಒಂದು ಧೋತರದಲ್ಲಿ ಒಂದು ಚಕ್ಕಡಿ ರೇಷ್ಮೆ ಹಿಡಿಯುವುದೇ ಎಂದು ಒಬ್ಬನಾದರೂ ಕೇಳಬೇಡವೇ? ಇದನ್ನು ನಾನು ಈ ಮೂಲಕ ಬಲವಾಗಿ ಖಂಡಿಸುತ್ತೇನೆ.

ಮಾವನವರು ಕೈಗೊಂಡ ಕ್ರಮವೇನು? ತಮ್ಮ ಅಂಗಿಗಳ ಜೇಬುಗಳನ್ನೆಲ್ಲ ಬಿಚ್ಚಿಸಿದರು!

"ಯಜಮಾನ್ರ, ಚಿಲ್ಲರಿ ಎಲ್ಲಿಡ್ತೀರಿ?" ಎಂದ ದರ್ಜಿ.

"ಕೈಯಾಗ. ಮಂದಿ ನೋಡ್ಲಿ."

ಪರಿಣಾಮವಾಗಿ, ಬಸ್ಸು ತಿರುಗಿದಾಗ ಮಾವನವರು ನೇರ ಕಂಡಕ್ಟರನ ಮೇಲೆ.

"ಕಂಬಿ ಹಿಡೀರಿ ಯಜಮಾನ್ರ!"

"ಕೈ ಖಾಲಿ ಇಲ್ಲೋ ಮಾರಾಯಾ!"

ಅಷ್ಟಕ್ಕೆ ಮುಗಿಯಲಿಲ್ಲ. ಬಂಧುಗಳ ಮನೆಯಲ್ಲಿ ಉಂಡು ಹೊರಡುವಾಗಲೂ ಬಾಗಿಲಲ್ಲಿ ಕೈ ಚಾಚಿ ನಿಲ್ಲತೊಡಗಿದರು. ನನ್ನ ತಾಯಿ ಒಮ್ಮೆ ರೇಗಿದಳು: "ಎಲ್ಲಾ ಹೋಳಗಿ ಹೊಟ್ಟ್ಯಾಗ ಹಾಕ್ಕೊಂಡು ಹೊಂಟೀಯಲ್ಲೋ ತಮ್ಮಾ, ಅದರ ಝಡತಿ ಹೆಂಗ ಮಾಡ್ಲಿ?"

ನಾವೆಲ್ಲ ನಕ್ಕೆವು. ಆದರೆ ಮಾವನವರ ಮಗಳಿಗೆ ಬಂದ ಸಂಬಂಧಗಳು ಒಂದೊಂದಾಗಿ ಹಿಂದಿರುಗತೊಡಗಿದಾಗ ನಗು ನಿಂತಿತು. "ಹುಡುಗಿ ಭಾಳ ಚಲೋ ಅದಾಳ್ರಿ. ಆದ್ರ ಅಪ್ಪನ ಸುದ್ದಿ..." ಸುಳ್ಳಾಡಿದವರು ಇಳಕಲ್ಲಿನಲ್ಲಿ ಆರಾಮಾಗಿ ಚಹಾ ಕುಡಿಯುತ್ತಿದ್ದರು; ಇಲ್ಲಿ ಒಂದು ಹುಡುಗಿ ಅಡುಗೆಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಇದು ಯಾವ ನ್ಯಾಯ?

ಕಡೆಗೆ ಹುನಗುಂದದವರು ಬಂದರು. ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಮಾವನವರು ತಾವೇ ಕೇಳಿಬಿಟ್ಟರು: "ನನ್ನ ಸುದ್ದಿ ನಿಮ್ಮ ಕಿವಿಗೆ ಬಿದ್ದೈತೇನ್ರಿ?"

"ಬಿದ್ದೈತ್ರಿ. ಭಾಳ ಮಂದಿ ಹೇಳ್ಯಾರ," ಎಂದರು ಹುಡುಗನ ತಾಯಿ.

ಆಕೆ ತಟ್ಟೆ ಬದಿಗಿಟ್ಟು ಎದ್ದರು. ಮನೆಯವರೊಡನೆ ಶಿವಯೋಗ ಮಂದಿರಕ್ಕೆ ಹೋಗಿ, ಹೊಳೆಯಲ್ಲಿ ಮಿಂದು, ಸಂಜೆ ಇದೇ ದಾರಿಯಲ್ಲಿ ಮರಳುವುದಿತ್ತಂತೆ. ಬಾಗಿಲವರೆಗೆ ಹೋದವರು ತಿರುಗಿ ಬಂದರು. ಕೊರಳಿನ ಬಂಗಾರದ ಬೋರಮಾಳ ಸರ ಬಿಚ್ಚಿ ಮಾವನವರ ಅಂಗೈಯಲ್ಲಿ ಇಟ್ಟರು.

"ಹೊಳ್ಯಾಗ ಜಾರಿದ್ರ ಹೋತು. ನಾವು ಬರೂತನಾ ನಿಮ್ಮ ಕಡೆ ಇರ್ಲಿ, ಬೀಗರ."

ಅವರು ಓಣಿ ದಾಟಿ ಹೋದರು. ಮಾವನವರು ಎರಡೂ ಕೈಯಲ್ಲಿ ಆ ಸರ ಹಿಡಿದು ಅಲ್ಲೇ ನಿಂತಿದ್ದರು.

"ಕೂಡ್ರಿ. ಅವರು ಬರಾಕ ಸಂಜಿ ಆಗತೈತಿ," ಎಂದರು ಅತ್ತೆ.

ಮಾವನವರು ಕೂಡ್ರಲಿಲ್ಲ.