ಬೀಳ್ಕೊಡುಗೆಗೊಂದು ರಣವಾದ್ಯ

ಎಲ್ಲಕ್ಕೂ ಮೂಲ ಛತ್ರಿ ಮೇಡಂ ಆಡಿದ ಒಂದು ಮಾತು. "ಬರೀ ಭಾಷಣ ಇಟ್ರೆ ಜನ ತೂಕಡಿಸ್ತಾರೆ ಕಣ್ರೀ ನಗಾರಿ. ಹಿಂದುಗಡೆ ಏನಾದ್ರೂ ಸಂಗೀತ ಇರ್ಲಿ. ನೀವೇ ನೋಡ್ಕೊಳ್ಳಿ."

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯ್ದಿಡುವ ಕಚೇರಿ ಅದು. ಛತ್ರಿಗಳ ಕಪಾಟು ಮೇಡಮ್ಮನವರ ಸುಪರ್ದಿಯಲ್ಲಿ. ಚೀಲ, ಊಟದ ಡಬ್ಬಿ, ಕನ್ನಡಕ, ಒಮ್ಮೊಮ್ಮೆ ಯಾರದೋ ಕಟ್ಟಿಸಿಕೊಂಡ ಹಲ್ಲು, ಇವೆಲ್ಲ ನಗಾರಿಯ ಪಾಲಿಗೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹಗಲಿಡೀ ಬೆರಳಿನಿಂದ ಮೇಜು ಬಾರಿಸುತ್ತ ಕೂರುತ್ತಿದ್ದುದರಿಂದ ಈ ಹೆಸರು ಅಂಟಿಕೊಂಡಿತ್ತು.

ಅವನು ಬಾರಿಸುತ್ತಿದ್ದುದು ಟೀವಿ ಧಾರಾವಾಹಿಯೊಂದರ ಸಂಗೀತ. ರಾಜರು, ಮಾಟಗಾತಿಯರು, ರೆಕ್ಕೆ ಬಂದ ಹಾವುಗಳು ಇರುವ ಧಾರಾವಾಹಿ. ಕತೆ ಅವನಿಗೆ ಅರ್ಧಂಬರ್ಧ ಗೊತ್ತು. ಯಾರು ಯಾರ ಮಗ ಎನ್ನುವಲ್ಲಿ ಪ್ರತಿಸಲವೂ ಎಡವುತ್ತಿದ್ದ. ಆದರೆ ಒಂದು ಹಿಂಡು ಪಿಟೀಲುಗಳು ಒಟ್ಟಿಗೆ ಮೇಲೆದ್ದು, ಅವುಗಳ ಬೆನ್ನಿಗೆ ಕಹಳೆ ಕೂಡಿಕೊಂಡು, ದೂರದಲ್ಲೆಲ್ಲೋ ರಣಭೇರಿ ಗುಡುಗಿತೆಂದರೆ ಅವನ ಮೈಮೇಲಿನ ಕೂದಲು ನೆಟ್ಟಗೆ ನಿಲ್ಲುತ್ತಿತ್ತು. ಇಯರ್‌ಫೋನ್ ಸಿಕ್ಕಿಸಿಕೊಂಡು ಪಾತ್ರೆ ತೊಳೆಯಲು ನಿಂತರೆ ತಳ ಹಿಡಿದ ಬಾಣಲೆಯೂ ಶತ್ರುವಿನ ಗುರಾಣಿ. ಅದೇ ಹುಮ್ಮಸ್ಸಿನಲ್ಲಿ ಒಮ್ಮೆ ಮಾವನವರ ಎದುರಿಗೇ "ಆಗಲ್ಲ" ಅಂದುಬಿಟ್ಟಿದ್ದ. ಆ ತುಣುಕು ಮುಗಿದ ಮೇಲೆ ಕ್ಷಮೆ ಕೇಳಿದ. ಕಿವೀಲಿ ಅದಿದ್ರೆ ಹುಲಿ, ತೆಗೆದ್ರೆ ಇಲಿ ಎಂದು ಹೆಂಡತಿ ತೀರ್ಮಾನಿಸಿದ್ದಳು.

ಆ ದಿನ ಬೀಳ್ಕೊಡುಗೆ ಇದ್ದದ್ದು ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ. ಸೊಂಟ ನೋವು ತಾಳಲಾರದೆ ಅವಧಿಗೆ ಮುಂಚೆಯೇ ನಿವೃತ್ತಿ ಬೇಡಿದ್ದರು. ಸಂಜೆ ಬೀಗದ ಕೈ ವಹಿಸಿಕೊಟ್ಟರೆ ಮುಗಿಯಿತು. ಆಮೇಲೆ ಅವರ ಕುರ್ಚಿ ನಗಾರಿಗೆ. ಸಾಹೇಬರ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು, ನಗಾರಿಯದು ಶೌಚಾಲಯದ ಬಾಗಿಲ ಪಕ್ಕದಲ್ಲಿ. ಇದಕ್ಕಿಂತ ದೊಡ್ಡ ಕಾರಣ ಮನೆಯಲ್ಲಿತ್ತು. ಅವನ ಷಡ್ಡಕ ಹೋದ ವರ್ಷವೇ ಅಧಿಕಾರಿಯಾಗಿದ್ದ. ಅಂದಿನಿಂದ ಹೆಂಡತಿ ತನ್ನ ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. ಇವತ್ತು ಬೆಳಿಗ್ಗೆ ಗಂಡನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಟ್ಟು, ಸಂಜೆ ಅಕ್ಕನಿಗೆ ಫೋನ್ ಮಾಡುವುದಾಗಿ ಹೇಳಿ ಕಳಿಸಿದ್ದಳು.

ನಗಾರಿ ಬಹಳ ಯೋಚಿಸಿ ಒಂದು ತುಣುಕು ಆರಿಸಿದ. ಮುದಿರಾಜ ಕಿರೀಟ ಇಳಿಸಿಟ್ಟು ಮಂಜಿನೊಳಗೆ ನಡೆದುಹೋಗುವ ಸನ್ನಿವೇಶದ್ದು. ಒಂದೇ ಒಂದು ಮಂದ್ರದ ಪಿಟೀಲು, ಹಿಂದೆ ಸಣ್ಣಗೆ ಕೊಳಲು. ಹೋಗುವವರು ಹೋಗಲೇಬೇಕು ಅನ್ನಿಸುವಂಥದ್ದು.

ಮೊಬೈಲಿನಲ್ಲಿ ಹಚ್ಚಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿತ್ತು. ಜವಾನ ಒಳಗೆ ಹೋಗಿ, ವಾರಸುದಾರರಿಲ್ಲದ ಸಾಮಾನುಗಳ ನಡುವಿನಿಂದ ಮಂಡಿಯುದ್ದದ ಸ್ಪೀಕರೊಂದನ್ನು ಹೊತ್ತು ತಂದ. ಅದನ್ನು ಬಸ್ಸಿನಲ್ಲಿ ಮರೆತುಹೋದ ಪುಣ್ಯಾತ್ಮ ಇಳಿಯುವಾಗ ಏನು ಯೋಚಿಸುತ್ತಿದ್ದನೋ. ನಿಯಮದ ಪ್ರಕಾರ ಅಂಥ ಸಾಮಾನು ಬಳಸಲು ಸಾಹೇಬರ ಅನುಮತಿ ಬೇಕು. ತಮ್ಮನ್ನು ಕಳಿಸಿಕೊಡಲು ಬೇಕಾದ ಸ್ಪೀಕರಿಗೆ ಸಾಹೇಬರು ತಾವೇ ಅನುಮತಿ ಕೊಟ್ಟರು.

ಪರೀಕ್ಷೆಗೆಂದು ನಗಾರಿ ಅದನ್ನು ಹಚ್ಚಿದಾಗ ಕಳೆದ ಚೀಲ ಕೇಳಿಕೊಂಡು ಒಬ್ಬ ಹೆಂಗಸು ಬಂದಿದ್ದರು. ಚೀಲ ಸಿಕ್ಕಿತು, ಒಳಗಿದ್ದದ್ದೆಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಪಿಟೀಲು ಶುರುವಾಯಿತು. ಆಕೆ ಕಿಟಕಿಗೆ ತಲೆ ಆನಿಸಿ ಅಳತೊಡಗಿದರು. ನಾದಿನಿಯ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿದೆ, ಈಗಲೇ ಹೋಗಿ ಮಾತಾಡಿಸುತ್ತೇನೆ ಎಂದು ಹೊರಟೇಹೋದರು. ಚೀಲ ಅಲ್ಲೇ ಉಳಿಯಿತು. ನಗಾರಿ ಅದನ್ನು ಮತ್ತೆ ಕಳೆದ ಸಾಮಾನಿನ ಕಪಾಟಿನಲ್ಲಿಟ್ಟ.

ಇದನ್ನು ಕಂಡು ಛತ್ರಿ ಮೇಡಂ ಗಾಬರಿಗೊಂಡರು. ಸಾಹೇಬರ ರಕ್ತದೊತ್ತಡ ಮೊದಲೇ ಸರಿಯಿಲ್ಲ, ಇಂಥದ್ದು ಕೇಳಿಸಿ ಅಲ್ಲೇ ಹೆಚ್ಚುಕಮ್ಮಿಯಾದರೆ ಬೀಳ್ಕೊಡುಗೆ ಬೇರೆ ಥರವೇ ಆದೀತು ಎಂದರು. ನಗಾರಿಯ ಕೈಯಿಂದ ಮೊಬೈಲು ಕಿತ್ತುಕೊಂಡು ಒಂದೊಂದೇ ತುಣುಕು ಹಚ್ಚಿ ನೋಡಿದರು. ಕೊನೆಗೆ ಜೀವಕಳೆ ಇದೆ ಎಂದು ಒಂದನ್ನು ಆರಿಸಿದರು. ಶತ್ರುಗಳು ಕೋಟೆ ಮುತ್ತಿದಾಗ, ಗಾಯಗೊಂಡ ಮುದಿರಾಜ ಮತ್ತೆ ಕತ್ತಿ ಹಿರಿದು ಹೆಬ್ಬಾಗಿಲು ತೆರೆಸುವ ಹೊತ್ತಿನದು.

"ಮೇಡಂ, ಇದು ಯುದ್ಧದ್ದು," ಎಂದ ನಗಾರಿ.

"ಮಾತೇ ಇಲ್ವಲ್ರೀ ಇದ್ರಲ್ಲಿ. ಯುದ್ಧದ್ದೋ ಮದುವೇದೋ ಯಾರಿಗೆ ಗೊತ್ತಾಗುತ್ತೆ?"

ನಗಾರಿಗೆ ಬೇರೆಯೇ ಒಂದು ಭಯ ಶುರುವಾಯಿತು. ಇದನ್ನು ಕೇಳಿ ಸಾಹೇಬರಿಗೇ ವೀರಾವೇಶ ಬಂದರೆ? ಸೊಂಟ ನೆಟ್ಟಗಾಗಿ, ಹೋಗುವುದಿಲ್ಲ ಎಂದುಬಿಟ್ಟರೆ? ಅವತ್ತು ಅವನಿಗೆ ಊಟ ಸೇರಲಿಲ್ಲ.

ಸಭೆ ಸೇರಿತು. ಮುಖ್ಯ ಕಚೇರಿಯಿಂದ ಹಿರಿಯ ಅಧಿಕಾರಿಯೊಬ್ಬರು ಬಂದು ಸಾಹೇಬರ ಪಕ್ಕದಲ್ಲಿ ಕೂತರು. ಮೇಡಂ ಸನ್ನೆ ಮಾಡಿದರು. ನಗಾರಿ ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಮೊದಲು ಪಿಟೀಲುಗಳು. ನಗಾರಿ ಒಂದು ಕಣ್ಣು ತೆರೆದು ನೋಡಿದ. ಸಾಹೇಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಕಹಳೆ ಮೊಳಗಿತು. ಬಿಸ್ಕತ್ತು ತುಂಡಾಗಿ ಲೋಟದ ತಳ ಸೇರಿತು. ಸಾಹೇಬರು ಚಮಚ ಕೇಳಿದರು. ಸಂಗೀತ ಅವರ ಮೇಲೆ ಕೋಣನ ಮೇಲೆ ಮಳೆ ಸುರಿದಂತೆ ಸುರಿದುಹೋಗುತ್ತಿತ್ತು. ನಗಾರಿಯ ಎದೆಯ ಮೇಲಿನ ಬಂಡೆ ಇಳಿಯಿತು. ಇನ್ನು ಭಯವಿಲ್ಲ ಎಂದು ನಿಶ್ಚಿಂತೆಯಾಗಿ ತಾನೂ ಕೇಳಿಸಿಕೊಂಡ.

ಆಗ ರಣಭೇರಿ ಶುರುವಾಯಿತು.

ಅದುವರೆಗೂ ಅವನು ಅದನ್ನು ಕೇಳಿದ್ದು ಕಡಲೆಕಾಳಿನಷ್ಟು ಇಯರ್‌ಫೋನಿನಲ್ಲಿ. ಮಂಡಿಯುದ್ದದ ಸ್ಪೀಕರಿನಲ್ಲಿ ಅಲ್ಲ. ಗುಡುಗು ನೆಲದಿಂದ ಅಂಗಾಲಿಗೆ, ಅಂಗಾಲಿನಿಂದ ನೆತ್ತಿಗೆ ಏರಿತು. ಕಪಾಟುಗಳು ಕೋಟೆಯ ಗೋಡೆಗಳಂತೆ ಕಂಡವು, ಸಾಲಾಗಿ ನಿಂತ ಛತ್ರಿಗಳು ಈಟಿಗಳಂತೆ. ಚಮಚ ಹಿಡಿದು ಕೂತ ಸಾಹೇಬರು ಕೊನೆಯ ರಾಜನಂತೆ ಕಂಡರು. ಅಂಥ ರಾಜನನ್ನು ಸೊಂಟ ನೋವಿಗೆ ಒಪ್ಪಿಸಿ ಬದುಕುವುದೇ?

ನಗಾರಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ.

"ಹೋಗಬೇಡಿ ಸಾರ್," ಎಂದ. ದನಿ ಅವನದೇ ಆಗಿತ್ತು. "ನೀವು ಹೋದ್ರೆ ಈ ಕಚೇರಿ ಉಳಿಯಲ್ಲ. ನೀವಿದ್ರೆ ಆ ಬಾಗಿಲ ಹತ್ರಾನೇ ಸಾಯೋವರೆಗೂ ಕೂರ್ತೀನಿ. ನನಗೆ ಕುರ್ಚಿ ಬೇಡ."

ಸರಿಯಾಗಿ ಅಲ್ಲಿಗೆ ಸಂಗೀತ ಮುಗಿಯಿತು. ನಗಾರಿ ಮೆಲ್ಲಗೆ ಕೆಳಗಿಳಿದ.

ಸಾಹೇಬರು ಲೋಟ ಕೆಳಗಿಟ್ಟರು. ಕಣ್ಣುಗಳು ಒದ್ದೆಯಾಗಿದ್ದವು. ತಮ್ಮ ಜಾಗಕ್ಕೆ ಬರಬೇಕಾದವನೇ ತಮ್ಮನ್ನು ಬೇಡಿಕೊಳ್ಳುವುದನ್ನು ಇಷ್ಟು ವರ್ಷದ ಸರ್ವೀಸಿನಲ್ಲಿ ಎಲ್ಲೂ ಕಂಡಿಲ್ಲ, ಕೇಳಿಲ್ಲ ಎಂದರು. ಸೊಂಟದ್ದೇನು, ಒಂದು ದಿಂಬಿಟ್ಟುಕೊಂಡರೆ ಆಯಿತು. ಹಿರಿಯ ಅಧಿಕಾರಿಯ ಕಡೆ ಬಾಗಿ ಏನೋ ಹೇಳಿದರು. ಅವರು ಆಗಲಿ ಎಂದು ತಲೆಯಾಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದಿದ್ದರೆ ಚೆನ್ನಾಗಿರುವುದಿಲ್ಲವೆಂದು ನಗಾರಿಯೂ ತಟ್ಟಿದ.

ಅಧಿಕಾರಿಯ ಕಾರು ಹೋದ ಮೇಲೆ ಸಾಹೇಬರು ಅವನನ್ನು ಒಳಗೆ ಕರೆದು ಹೆಗಲ ಮೇಲೆ ಕೈ ಇಟ್ಟರು.

"ಒಂದು ವಿಷಯ ಹೇಳ್ಲೇಬೇಕು. ಪಾಪ, ಅವ್ರು ಒಳ್ಳೇ ಮನುಷ್ಯ. ಇಲ್ಲಿ ಜಾಗ ಖಾಲಿ ಆಗ್ಲಿಲ್ಲ, ನಿಮಗೆ ಅನ್ಯಾಯ ಆಗೋದು ಬೇಡ ಅಂತ, ದೊಡ್ಡ ಬಸ್ ನಿಲ್ದಾಣದ ಕಚೇರಿಗೆ ನಿಮ್ಮನ್ನೇ ಮುಖ್ಯಸ್ಥರಾಗಿ ಕಳಿಸ್ತೀನಿ ಅಂದ್ರು. ನನಗಿಂತ ದೊಡ್ಡ ಹುದ್ದೆ ಅದು."

ನಗಾರಿ ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡ.

"ನಾನೇ ಬೇಡ ಅಂದೆ. ನನ್ನ ಬಿಟ್ಟು ಇರಲಾರೆ ಅಂತ ಇಷ್ಟು ಜನರ ಮುಂದೆ ಹೇಳಿದೋರನ್ನ ಹೇಗ್ರೀ ಕಳಿಸ್ಲಿ? ಛತ್ರಿ ಮೇಡಮ್ಮಿಗೆ ಕೊಡಿಸ್ದೆ. ಸೋಮವಾರ ಅವರ ಬೀಳ್ಕೊಡುಗೆ," ಎಂದು ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಒರಗಿಕೊಂಡರು. "ಸಂಗೀತ ನೀವೇ ನೋಡ್ಕೊಳ್ಳಿ."