ಮಹಿಳಾ ಮಂಡಳ ಮತ್ತು ನನ್ನ ಶನಿವಾರದ ನಿದ್ದೆ

ನಗೆ ಬರುವ ಪ್ರಸಂಗಗಳನ್ನು ಹುಡುಕಿಕೊಂಡು ನಾನೆಂದೂ ಹೋದವಳಲ್ಲ. ನನ್ನ ಹಾಗೆ ಜಮಖಂಡಿಯ ಒಂದು ಮಹಿಳಾ ಮಂಡಳದ ಕಾರ್ಯದರ್ಶಿಯಾದವರಿಗೆ ಆ ತೊಂದರೆಯೇ ಇಲ್ಲ. ಅವೇ ಬಂದು ಬಾಗಿಲು ಬಡಿಯುತ್ತವೆ, ಅದೂ ಕಣ್ಣಿಗೆ ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ.

ನಿದ್ದೆಯ ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಸಾಲಿಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿ ನಿವೃತ್ತಳಾದಾಗ ನನಗಿದ್ದ ಆಸೆ ಒಂದೇ. ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಫ್ಯಾನಿನ ಕೆಳಗೆ ಚಾಪೆ ಹಾಸಿ, ಸಂಜೆ ಚಹಾದ ತನಕ ಮಲಗಬೇಕು. ನೌಕರಿಯಲ್ಲಿದ್ದಾಗ ಶನಿವಾರ ಮುಂಜಾನೆಯ ಸಾಲಿ. ಮಧ್ಯಾಹ್ನ ಮನೆಗೆ ಬಂದರೆ ವಾರದ ಬಟ್ಟೆ, ಜೋಳ ಹಸನು ಮಾಡುವುದು, ಬೀಗರು. ಆ ನಿದ್ದೆ ಬಾಕಿ ಉಳಿದುಬಿಟ್ಟಿತ್ತು. ಆದರೆ ನಮ್ಮ ಮಂಡಳದ ಸಭೆ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಸಂಬಳವಿಲ್ಲದ ಕೆಲಸ, ಹಾಗಾಗಿ ರಜೆಯೂ ಇಲ್ಲ.

ಬರದವರ ಪಾಲು

ನಮ್ಮಲ್ಲಿ ಚುನಾವಣೆ ಆದದ್ದು ಯಾರಿಗೂ ನೆನಪಿಲ್ಲ. ಸಭೆಗೆ ಯಾರು ಬಂದಿರುವುದಿಲ್ಲವೋ ಅವರ ತಲೆಗೆ ಕೆಲಸ ಕಟ್ಟುವುದು ನಮ್ಮ ಪದ್ಧತಿ. ಬಂದವರು "ನನಗ ಆಗೂದಿಲ್ರೀ" ಎಂದು ಕೈ ಝಾಡಿಸುತ್ತಾರೆ. ಬರದವರಿಗೆ ಹಾಗೆ ಹೇಳಲು ಬಾಯಿಯೇ ಅಲ್ಲಿರುವುದಿಲ್ಲ.

ಇದು ತಿಳಿಯದ ನಾನು, ಹೊಸ ಸದಸ್ಯೆ, ಒಂದು ಶನಿವಾರ ಏಳು ತಿಂಗಳ ಬಸುರಿಯಾದ ತಂಗಿಯ ಮಗಳ ಕುಬಸಕ್ಕೆಂದು ಮುಧೋಳಕ್ಕೆ ಹೋದೆ. ತಿರುಗಿ ಬರುವ ಬಸ್ಸಿನಲ್ಲಿ ಅಧ್ಯಕ್ಷರ ಫೋನು ಬಂತು. ಅವರು ಸಾವಳಗಿ ಕಡೆಯ ದೊಡ್ಡ ಒಕ್ಕಲುತನದ ಮನೆಯವರು. ಹೊಲದ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನ ಎತ್ತು ನಿಲ್ಲಬೇಕು, ಅಂಥ ಧ್ವನಿ.

"ಅಕ್ಕೋರ, ಅಭಿನಂದನೆ!" ಎಂದರು. ಸುತ್ತ ಕುಳಿತವರೆಲ್ಲ ತಿರುಗಿ ನೋಡಿದರು.

ಕುಬಸದ ಸುದ್ದಿ ಇವರಿಗೆ ಹೇಗೋ ಗೊತ್ತಾಗಿದೆ ಎಂದುಕೊಂಡು, "ಇನ್ನ ಎರಡ ತಿಂಗಳ ಅದ ರೀ," ಎಂದೆ.

"ಏ, ಎರಡ ತಿಂಗಳ ಯಾಕ್ರೀ? ಇವತ್ತಿಂದನ ಕಾರ್ಯದರ್ಶಿ ನೀವು. ಮಂಡಳದ ಕೀಲಿಕೈ ನಿಮ್ಮ ಯಜಮಾನರ ಕೈಯಾಗ ಕೊಟ್ಟ ಬಂದೇನಿ."

ಅಂದಿನಿಂದ ನಾನು ಒಂದು ಸಭೆಯನ್ನೂ ತಪ್ಪಿಸಿಲ್ಲ. ಯಾರೂ ತಪ್ಪಿಸುವುದಿಲ್ಲ. ಗಲಗಲಿಯ ಆಯಿ, ನಮ್ಮಲ್ಲೆಲ್ಲ ಹಿರಿಯರು, ಹೊಳೆ ದಂಡೆಯ ಊರಿಂದ ಮುಂಜಾನೆಯ ಬಸ್ಸಿಗೇ ಬಂದು ಕೀಲಿ ಹಾಕಿದ ಬಾಗಿಲ ಮುಂದೆ ಕುಳಿತಿರುತ್ತಾರೆ. ಅಧ್ಯಕ್ಷರು ಒಮ್ಮೆ ದವಾಖಾನೆಯಿಂದಲೇ ಎದ್ದು ಬಂದರು, ಕೈಯಲ್ಲಿ ಸಲೈನಿನ ಸೂಜಿ ಹಾಗೇ ಇತ್ತು. ಅತ್ತಿಗೆ ಎಂಬ ಸಲುಗೆಯಿಂದ ಎಲ್ಲರೂ ವೈನಿ ಎನ್ನುವ ಬನಹಟ್ಟಿಯವರ ಕಥೆಯಂತೂ ಮರೆಯುವಂತಿಲ್ಲ. ಅವರದು ಮಗ್ಗದ ಮನೆ, ಸೀರೆ ವ್ಯಾಪಾರ. ಒಂದು ಶನಿವಾರ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು ಓಡಿ ಬಂದರು.

"ಜಲ್ದಿ ಮುಗಸ್ರಿ. ಮಗಳನ್ನ ನೋಡಾಕ ಗಂಡಿನವರು ಬಂದ ಕುಂತಾರ."

"ಅಯ್ಯ, ಅವರನ್ನ ಬಿಟ್ಟ ಬಂದ್ರೇನ್ರೀ?" ಎಂದು ನಾನು ಗಾಬರಿಯಾದೆ.

"ಅವರು ನೋಡಾಕ ಬಂದಿದ್ದು ಹುಡುಗೀನ. ಆಕಿ ಮನ್ಯಾಗ ಅದಾಳ. ನನ್ನ ಯಾರೂ ನೋಡೂದಿಲ್ಲ. ಇಲ್ಲಿ ಬರಲಿಲ್ಲಂದ್ರ ನೀವೆಲ್ಲಾ ನನ್ನ ನೋಡ್ಕೋತೀರಿ!"

ಜೀಪಿನಿಂದ ಇಳಿದವರು

ಬೀಳಗಿಯಲ್ಲಿ ನಮ್ಮ ಹೊಲಿಗೆ ತರಬೇತಿಯ ಉದ್ಘಾಟನೆ. ಮುಖ್ಯ ಅತಿಥಿ ಒಬ್ಬ ಮಹಿಳಾ ಅಧಿಕಾರಿ, ಜೀಪಿನಲ್ಲಿ ಬರುತ್ತಾರೆಂದು ಹೇಳಿಕಳಿಸಿದ್ದರು. ಮನೆಗೆ ಬಂದ ಹೆಣ್ಣುಮಗಳಿಗೆ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಹಾಕಿ ಉಡಿ ತುಂಬದೆ ಕಳಿಸುವ ಜನ ನಾವಲ್ಲ. ಆಯಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಹೇಳಿದ ಹೊತ್ತಿಗೆ ಜೀಪು ಬಂತು. ಒಬ್ಬ ಹೆಣ್ಣುಮಗಳು ಇಳಿದಳು. ಅಧ್ಯಕ್ಷರು ಕೈ ಹಿಡಿದು ವೇದಿಕೆಗೆ ಕರೆದೊಯ್ದರು, ವೈನಿ ಹಾರ ಹಾಕಿದರು, ಆಯಿ ಉಡಿ ತುಂಬಿ ದೃಷ್ಟಿ ತೆಗೆದು ನೆಟಿಗೆ ಮುರಿದರು. ಅತಿಥಿ ಬಾಯಿಬಿಡಲಿಲ್ಲ. ದೊಡ್ಡವರು ಹಾಗೇ ಇರುತ್ತಾರೆಂದು ನಾವು ಗೌರವದಿಂದ ಸುಮ್ಮನಿದ್ದೆವು.

ದೀಪ ಹಚ್ಚಿದ ಮೇಲೆ "ಈಗ ಅತಿಥಿಗಳಿಂದ ಎರಡು ಮಾತು" ಎಂದೆ. ಆಕೆ ಉಡಿ ಬಿಗಿಯಾಗಿ ಹಿಡಿದುಕೊಂಡು ಎದ್ದಳು.

"ನಾ ಹೊಲಗಿ ಕಲ್ಯಾಕ ಹೆಸರ ಹಚ್ಚಾಕ ಬಂದೇನ್ರೀ. ಬಸ್ಸ ತಪ್ಪಿತ್ತು, ಹಾದ್ಯಾಗ ಬರೂ ಜೀಪಿಗಿ ಕೈ ಮಾಡಿದ್ನಿ. ಇಷ್ಟ ಚಂದ ಕರ್ಕೋತೀರಂತ ಗೊತ್ತಿದ್ರ ನಮ್ಮ ತಂಗಿನ್ನೂ ಕರ್ಕೊಂಡ ಬರ್ತಿದ್ನಿ," ಎಂದು ಕುಳಿತುಬಿಟ್ಟಳು. ಭಾರಿ ಚಪ್ಪಾಳೆ ಬಿತ್ತು. ಹಿಂದೆ ಕುಳಿತವರಿಗೆ ಅದು ಅಧಿಕಾರಿಯ ವಿನಯವಾಗಿ ಕಂಡಿತ್ತು.

ನಿಜವಾದ ಅಧಿಕಾರಿ ಆ ಹೊತ್ತಿಗಾಗಲೇ ಬೇರೆ ಜೀಪಿನಲ್ಲಿ ಬಂದು, ವೇದಿಕೆ ತುಂಬಿದ್ದನ್ನು ನೋಡಿ, ಕೆಳಗೆ ಹೆಂಗಸರ ನಡುವೆ ಕುಳಿತಿದ್ದರಂತೆ. ಆಯಿ ಅವರಿಗೆ ಎರಡು ಸಲ "ಸ್ವಲ್ಪ ಸರದ ಕುಂದ್ರಬೇ ತಂಗಿ" ಎಂದೂ ಹೇಳಿದ್ದರು. ನಾನು ಕ್ಷಮೆ ಕೇಳಿ ಕೇಳಿ ಸುಸ್ತಾದೆ. ಪುಣ್ಯಕ್ಕೆ ಅವರು ನಗುವ ಸ್ವಭಾವದವರು. ಆದರೆ ಉಡಿ ತುಂಬಲು ಎರಡನೇ ಖಣ ನಮ್ಮಲ್ಲಿರಲಿಲ್ಲ, ಕೊಟ್ಟದ್ದನ್ನು ತಿರುಗಿ ಕೇಳುವ ಪದ್ಧತಿಯೂ ಇಲ್ಲ.

ಆ ಹೆಣ್ಣುಮಗಳು ಸೋಮವಾರ ಮೊದಲನೇ ಪಾಠಕ್ಕೆ ಬಂದಳು. ಬಾಗಿಲಲ್ಲೇ ನಿಂತು ಸುತ್ತ ನೋಡಿ, ಸಣ್ಣ ಧ್ವನಿಯಲ್ಲಿ ಕೇಳಿದಳು: "ಇವತ್ತ ಹಾರ ಹಾಕೂದಿಲ್ಲೇನ್ರಿ?"

ಕರೆಂಟು ಹೋದಾಗ

ರಬಕವಿಯಿಂದ ಒಬ್ಬ ಸೊಸೆ ಬಂದು, ಅತ್ತೆ ತವರನ್ನು ಹಿಡಿದು ಬೈಯುತ್ತಾಳೆಂದು ಕಣ್ಣೀರು ಹಾಕಿದಳು. ಬಡಿತವಿಲ್ಲ, ಉಪವಾಸ ಕೆಡವಿದ್ದಿಲ್ಲ, ಬರೀ ಬಾಯಿ. ಬಾಯಿಯ ಪೆಟ್ಟೂ ಪೆಟ್ಟೇ. ಬುದ್ಧಿ ಹೇಳಲು ನಾವು ನಾಲ್ವರು ಹೋದೆವು. ಅಂದೂ ಶನಿವಾರವೇ, ಬೇರೆ ಹೇಳಬೇಕಿಲ್ಲ.

ಮನೆಯ ಮುಂದಿನ ಪಡಸಾಲೆಯಲ್ಲಿ ಎರಡು ವಿದ್ಯುತ್ ಮಗ್ಗ. ಅತ್ತೆಯದೊಂದು, ಸೊಸೆಯದೊಂದು. ಖಟಾಖಟ್ ಸದ್ದಿನಲ್ಲಿ ನಮ್ಮ ನಮಸ್ಕಾರವೂ ಕೇಳಿಸಲಿಲ್ಲ. ಅತ್ತೆ ನಕ್ಕು, ಕೈಸನ್ನೆಯಲ್ಲೇ ಚಹಾ ಕುಡಿಯುತ್ತೀರಾ ಎಂದು ಕೇಳಿದಳು. ಸೊಸೆಯ ಮಗ್ಗದಲ್ಲಿ ಎಳೆ ಹರಿದರೆ ತಾನೇ ಎದ್ದು ಹೋಗಿ ಗಂಟು ಹಾಕಿ, ಆಕೆಯ ಮುಖಕ್ಕೆ ಬಿದ್ದ ಕೂದಲು ಸರಿಸಿ ಬಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಧ್ಯಕ್ಷರು ತಮ್ಮ ಹೊಲದ ಧ್ವನಿ ತೆಗೆದು "ಏನ ತ್ರಾಸ ಐತ್ರೀ ನಿಮಗ?" ಎಂದು ಕೂಗಿದರು. ಆ ಧ್ವನಿಯೂ ಮಗ್ಗದ ಸದ್ದಿನಲ್ಲಿ ಮುಳುಗಿಹೋಯಿತು. ದೂರು ಸುಳ್ಳೇ ಇರಬೇಕೆಂದು ಏಳುವುದರಲ್ಲಿದ್ದೆವು.

ಆಗ ಕರೆಂಟು ಹೋಯಿತು. ಮಗ್ಗ ನಿಂತವು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು.

"ಹ್ಞಾಂ, ಎಲ್ಲಿಗಿ ಬಂದಿತ್ತು? ನಿಮ್ಮವ್ವ ತಂದ ಸೀರಿ ಸುದ್ದಿ ಅಲ್ಲೇನು?"

"ನಮ್ಮವ್ವನ ಸುದ್ದಿ ತಗೀಬ್ಯಾಡ್ರಿ ಅಂತ ನಿನ್ನೆ ಕರೆಂಟ ಹೋದಾಗನ ಹೇಳೇನಿ!"

ಜಗಳ ಹತ್ತಿಕೊಂಡಿತು. ನಮ್ಮ ಬುದ್ಧಿಮಾತಿಗೆ ನಡುವೆ ಸೂಜಿ ತೂರುವಷ್ಟೂ ಸಂದು ಸಿಗಲಿಲ್ಲ. ಕರೆಂಟು ತಿರುಗಿ ಬಂದಾಗ ಅತ್ತೆಯ ಬಾಯಿ ಅರ್ಧ ಮಾತಿನಲ್ಲಿತ್ತು. ಅದನ್ನು ಹಾಗೇ ಮುಚ್ಚಿ ಮಗ್ಗಕ್ಕೆ ಕೈ ಹಾಕಿದಳು. ಮತ್ತೆ ನಗು, ಮತ್ತೆ ಚಹಾದ ಸನ್ನೆ.

"ನಮ್ಮ ಕಡೆ ಎಲ್ಲಾರ ಮನ್ಯಾಗೂ ಹಿಂಗ ರೀ," ಎಂದರು ಬನಹಟ್ಟಿ ವೈನಿ. "ಮಗ್ಗ ನಡದ್ರ ಮನಿ ಶಾಂತ."

ಮರುವಾರ ಸಭೆಯಲ್ಲಿ ಠರಾವು ಪಾಸು ಮಾಡಿ ವಿದ್ಯುತ್ ಕಚೇರಿಗೆ ಹೋದೆವು. ಹಗಲು ಹೊತ್ತು ಕರೆಂಟು ತೆಗೆಯಬೇಡಿ ಎಂದೆವು. ಅಲ್ಲಿನ ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. "ಮಹಿಳಾ ಮಂಡಳಕ್ಕೂ ಕರೆಂಟಿಗೂ ಏನ್ರೀ ಸಂಬಂಧ?" ಎಂದರು. ನಾನು ಎಲ್ಲ ಬಿಡಿಸಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿ ಮುಂದೆ ಎಳೆದುಕೊಂಡರು.

"ಅಕ್ಕೋರ," ಎಂದರು ಮೆಲ್ಲಗೆ, "ಒಂದ ಹಳೇ ಮಗ್ಗ ಎಲ್ಲೆರ ಸಿಗತೈತೇನ್ರೀ? ನಮ್ಮ ಮನ್ಯಾಗೂ ಹಾಕಸ್ತೇನಿ."

ಬೀಳ್ಕೊಡುಗೆ

ನಕ್ಕದ್ದು ಸಾಕು. ನಿಜವಾಗಿ ದಣಿದಿದ್ದೆ. ಮೊಣಕಾಲು ನೋವು. ಮುಂಜಾನೆ ಎದ್ದರೆ ಫೋನು. ಹೊಲಿಗೆ ಯಂತ್ರದ ಸೂಜಿ ಮುರಿದಿದೆ, ಹುನ್ನೂರಿನವರು ಬಂದು ಕುಳಿತಿದ್ದಾರೆ, ಕಟ್ಟಡದ ಮಾಲೀಕ ನೀರಿನ ತೊಟ್ಟಿ ತೊಳೆಸಿರಿ ಅನ್ನುತ್ತಾನೆ. "ಊರ ಉಸಾಬರಿ ನಿನಗ್ಯಾಕ?" ಎಂದು ಯಜಮಾನರು ಕೇಳಿದರೆ ಮೊದಲು ಸಿಟ್ಟು ಬರುತ್ತಿತ್ತು. ಈಗ ಅದೇ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳತೊಡಗಿದ್ದೆ.

ಹಿಂದೊಮ್ಮೆ ರಾಜೀನಾಮೆ ಕೊಡಲು ಹೋಗಿದ್ದೆ. ಅಧ್ಯಕ್ಷರು ನಿಯಮ ತೆಗೆದರು. "ರಾಜೀನಾಮಿ ಕಾರ್ಯದರ್ಶಿ ಕೈಯಾಗ ಕೊಡಬೇಕ್ರೀ. ನೀವ ಕಾರ್ಯದರ್ಶಿ. ನಿಮಗ ನೀವ ಕೊಟ್ಟ, ವಿಚಾರ ಮಾಡಿ ಹೇಳ್ರಿ."

ಈ ಸಲ ಆಷಾಢದ ಒಂದು ಶನಿವಾರ ಎದ್ದು ನಿಂತು ಬಾಯಿಮಾತಿನಲ್ಲೇ ಹೇಳಿಬಿಟ್ಟೆ. "ನನ್ನಿಂದ ಆಗೂದಿಲ್ರೀ. ಬಿಟ್ಟಬಿಡ್ರಿ. ಒಂದ ಶನಿವಾರ ಮಲಗಬೇಕು ನಾ." ಆಯಿ ಎದ್ದು, "ಬರೇ ಉಡೀಲೆ ಹೆಂಗ ಕಳಸೂದು?" ಎಂದು ಅಂಗಡಿಯಿಂದ ಕಾಯಿ, ಖಣ ತರಿಸಿ ನನ್ನ ಉಡಿ ತುಂಬಿದರು. ಅಧ್ಯಕ್ಷರು ಅತ್ತರು. ಆ ಧ್ವನಿಯಲ್ಲಿ ಅಳು ಬಂದರೆ ಹೇಗಿರುತ್ತದೆಂದು ಅಂದೇ ತಿಳಿಯಿತು, ಪಕ್ಕದ ಅಂಗಡಿಯವರು ಓಡಿ ಬಂದರು. ನಾನೂ ಅತ್ತೆ. ಎಲ್ಲರೂ ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಮುಂದಿನ ಕಾರ್ಯದರ್ಶಿಯಾಗಿ ಬನಹಟ್ಟಿ ವೈನಿಯ ಹೆಸರು ನಿಂತಿತು. ನನ್ನ ಬೀಳ್ಕೊಡುಗೆಗೆ ಚಿತ್ರಾನ್ನ ತರಲು ಅವರು ಹೊರಗೆ ಹೋಗಿದ್ದರು.

ಮುಂದಿನ ಶನಿವಾರ ಬಂತು. ಊಟವಾಯಿತು. ಚಾಪೆ ಹಾಸಿದೆ, ಮಲಗಿದೆ. ಮೂರು ಗಂಟೆಗೆ ಕಣ್ಣು ತೆರೆದೇ ಇತ್ತು. ಬಾಗಿಲ ಕೀಲಿ ಯಾರು ತೆಗೆದರು, ಆಯಿಗೆ ನೀರು ಯಾರು ಕೊಟ್ಟರು ಎಂದು ಫ್ಯಾನು ನೋಡುತ್ತಾ ಹೊರಳಾಡಿದೆ. ಮುಂದಿನ ಶನಿವಾರವೂ ಅದೇ ಕಥೆ. ಪಕ್ಕದಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿದ್ದರು. ಅಷ್ಟು ವರ್ಷ ಕಾದಿಟ್ಟ ನನ್ನ ನಿದ್ದೆಯನ್ನು ಅವರೇ ಮಾಡಿ ಮುಗಿಸಿದರು.

ತವರಿನವರು ಬಂದರು

ನಾಗರ ಪಂಚಮಿಯ ಮರುದಿನ ಶನಿವಾರ ಬಿದ್ದಿತ್ತು. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಬಾಗಿಲು ಬಡಿದರು. ಅಧ್ಯಕ್ಷರು, ವೈನಿ, ಆಯಿ. ಆಯಿಯ ಕೈಯಲ್ಲಿ ಉಂಡಿಯ ಡಬ್ಬಿ.

"ಮಗಳನ್ನ ಕರಿಯಾಕ ಬಂದೇವ್ರಿ," ಎಂದರು ಅಧ್ಯಕ್ಷರು ಯಜಮಾನರಿಗೆ.

"ಯಾರ ಮಗಳನ್ನ ರೀ?"

"ನಿಮ್ಮ ಮನಿಯವರನ್ನ. ನಾವು ಉಡಿ ತುಂಬಿ ಕಳಿಸಿದ್ವಿ, ಹೌದಲ್ರೀ? ಅಂದಮ್ಯಾಲ ಮಂಡಳ ಅಂದ್ರ ಅವರ ತವರಮನಿ ಆತು. ಪಂಚಮಿಗಿ ತವರಿಂದ ಕರಿಯಾಕ ಬರಲಿಲ್ಲಂದ್ರ ಮಂದಿ ಏನಂದಾರು?"

ಯಜಮಾನರು ಒಂದು ಕ್ಷಣವೂ ಯೋಚಿಸಲಿಲ್ಲ. "ಖುಶಾಲ ಕರ್ಕೊಂಡ ಹೋಗ್ರಿ. ಮುಂದಿನ ಹಬ್ಬ ಮುಗದ ಮ್ಯಾಲ ಕಳಿಸಿದ್ರೂ ನಡೀತೈತಿ," ಎಂದರು.

ನಾನೇನು ಸಣ್ಣ ಮಗುವೇ? ಇವರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯದವಳಲ್ಲ. "ಬರ್ತೇನಿ. ಆದ್ರ ತವರಿಗಿ ಬಂದ ಮಗಳಿಗಿ ಕೆಲಸ ಹಚ್ಚೂ ಪದ್ಧತಿ ಇಲ್ಲ, ನೆನಪಿರಲಿ," ಎಂದೆ.

"ಒಂದ ಕಡ್ಡಿ ಸೈತ ಎತ್ತಬ್ಯಾಡ, ನನ್ನವ್ವ," ಎಂದರು ಆಯಿ.

ಮಂಡಳದಲ್ಲಿ ಜಮಖಾನೆ ಹಾಸಿತ್ತು, ಸಭೆಗೆ ಎಲ್ಲರೂ ಕೂಡಿದ್ದರು. ಎರಡು ಉಂಡಿ ತಿಂದೆ, ನೀರು ಕುಡಿದೆ. ಕೆಲಸ ಮಾಡುವಂತಿಲ್ಲ, ಮಾತಾಡುವುದೂ ಕೆಲಸವೇ. ಮೂಲೆಯಲ್ಲಿ ಗೋಡೆ ಕಡೆ ತಿರುಗಿ, ಆಯಿ ಮಡಚಿ ಕೊಟ್ಟ ಶಾಲು ತಲೆಗೆ ಇಟ್ಟುಕೊಂಡು ಅಡ್ಡಾದೆ. "ವಿಷಯ ಒಂದು…" ಎಂದು ಅಧ್ಯಕ್ಷರು ಶುರು ಮಾಡಿದ್ದು ಕೇಳಿಸಿತು. ಎರಡನೇ ವಿಷಯ ಕೇಳಿಸಲಿಲ್ಲ. ಆ ಗದ್ದಲದಲ್ಲಿ, ಆ ಜಮಖಾನೆಯ ಮೇಲೆ, ಜನ್ಮವೆಲ್ಲ ಬಾಕಿ ಇದ್ದ ನಿದ್ದೆ ಬಂತು. ಎಂಥ ನಿದ್ದೆ!

ಎದ್ದಾಗ ಬಿಸಿಲು ಎದುರಿನ ಗೋಡೆಗೆ ಹೋಗಿತ್ತು. ಎಲ್ಲರೂ ಸದ್ದಿಲ್ಲದೆ ಕುಳಿತು ನನ್ನನ್ನೇ ನೋಡುತ್ತಿದ್ದರು. ದಡಬಡಿಸಿ ಎದ್ದು ಕುಳಿತೆ.

"ಏನಾತ್ರೀ?"

"ಅಭಿನಂದನೆ, ಅಕ್ಕೋರ," ಎಂದರು ಅಧ್ಯಕ್ಷರು. "ಇನ್ನ ಅಧ್ಯಕ್ಷರು ನೀವು."

"ಅದ್ಹೆಂಗ? ನಾ ಇಲ್ಲೇ ಇದ್ನೆಲ್ಲಾ! ಬರದವರಿಗಿ ಮಾತ್ರ ಕೆಲಸ!"

"ಬಂದಿದ್ರಿ ಖರೆ," ಎಂದರು ವೈನಿ. "ಆದ್ರ ಬಂದವರು 'ಆಗೂದಿಲ್ಲ' ಅನ್ಬೇಕಲ್ರೀ? ಮೂರ ಸಲ ಕೇಳಿದ್ವಿ. ಎರಡ ಸಲ ಸುಮ್ಮನಿದ್ರಿ. ಮೂರನೇ ಸಲ ಗೊರಕಿ ಹೊಡದ್ರಿ. ಸರ್ವಾನುಮತ ಆತು."

ಜಗಳ ತೆಗೆಯಬೇಕೆಂದು ಬಾಯಿ ತೆರೆದೆ. ಆದರೆ ಹಳೆಯ ಅಧ್ಯಕ್ಷರು ಆಗಲೇ ಎದುರಿನ ಗೋಡೆಗೆ ಕಾಲು ಚಾಚಿ ಮಲಗಿದ್ದರು. "ನೀವ ಮಲಗಿದಾಗ ನನ್ನ ಉಡೀನೂ ತುಂಬ್ಯಾರ್ರೀ, ಇನ್ನ ನಾನೂ ತವರಿಗಿ ಬಂದ ಮಗಳು," ಎಂದು ಸೆರಗು ಮುಖದ ಮೇಲೆ ಎಳೆದುಕೊಂಡರು. ಅವರ ಕಣ್ಣ ಕೆಳಗಿನ ಕಪ್ಪು ನಾನು ಅಂದೇ ನೋಡಿದ್ದು. ಮಾತು ಮುಗಿಸಿದ ವೈನಿ ಕುಳಿತಲ್ಲೇ ತೂಕಡಿಸತೊಡಗಿದ್ದರು. ಮುಂಜಾನೆಯ ಬಸ್ಸಿಗೆ ಬಂದ ಆಯಿಯ ತಲೆ ಎದೆಗೆ ವಾಲಿತ್ತು. ದಣಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಹಂಗಾರ ಅಧ್ಯಕ್ಷರ ಮೊದಲನೇ ಆಜ್ಞೆ ಕೇಳ್ರಿ," ಎಂದೆ. "ಇವತ್ತಿಂದ ಸಭಾದಾಗ ಮೊದಲ ನಿದ್ದಿ, ಆಮ್ಯಾಲ ಮಾತು. ಬಾಗಲಾ ಹಾಕಿ ಎಲ್ಲಾರೂ ಅಡ್ಡಾಗ್ರಿ."

"ಇಷ್ಟ ವರ್ಷದಾಗ ಇದೊಂದ ಛಲೋ ಠರಾವ ಆತು ನೋಡ್ರಿ," ಎಂದು ಆಯಿ ಅಲ್ಲೇ ಒರಗಿದರು. ಉಳಿದವರೂ ಸಾಲಾಗಿ ಮಲಗಿದರು. ಹೊಸ ಕಾರ್ಯದರ್ಶಿ ವೈನಿಗೆ ಮಾತ್ರ ಜವಾಬ್ದಾರಿ ನೆನಪಾಯಿತು. ಅರ್ಧ ಮಲಗಿದ್ದವರು ಎದ್ದು ಕುಳಿತು ಕೇಳಿದರು.

"ಅಲ್ರೀ ಅಧ್ಯಕ್ಷರ, ಎಲ್ಲಾರೂ ಮಲಗಿದ್ರ ಹೊತ್ತಿಗಿ ಸರಿಯಾಗಿ ಎಬ್ಬಸವರು ಯಾರು?"

ನಾನು ಶಾಲು ಸರಿ ಮಾಡಿಕೊಂಡು ಗೋಡೆ ಕಡೆ ಹೊರಳಿದೆ.

"ಇವತ್ತ ಯಾರ ಬಂದಿಲ್ಲೋ, ಅವರು."