ತೊಂಬತ್ತೇಳು ಡಿಗ್ರಿಯ ಹೋರಾಟ

ನನ್ನ ಹೆಂಡತಿಯ ಹತ್ತಿರ ಒಂದು ಕ್ಷಮೆ ಕೇಳುವುದನ್ನು ನಾನು ಬಾಕಿ ಉಳಿಸಿಕೊಂಡಿದ್ದೇನೆ. ಅದು ಬಾಕಿಯಾದ ಬಗೆ ಹೀಗೆ.

ನಮ್ಮೂರು ಕಿಟ್ವೆಯ ತಾಮ್ರದ ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡ ನಲವತ್ತೊಂದು ಮಂದಿಯ ಹೇಳಿಕೆಗಳನ್ನು ಶುಕ್ರವಾರದೊಳಗೆ ವಿಚಾರಣಾ ಸಮಿತಿಗೆ ಒಪ್ಪಿಸಬೇಕಿತ್ತು. ತಪ್ಪಿದರೆ ಆ ನಲವತ್ತೊಂದು ಕೆಮ್ಮು ಯಾರ ಕಿವಿಗೂ ಬೀಳುವುದಿಲ್ಲ. ಟೈಪು ಮಾಡುವವಳು ನನ್ನ ಹೆಂಡತಿ. ಅದಕ್ಕೆಂದೇ ಅಂಗಡಿಯಿಂದ ಬಿಡಿಭಾಗ ತಂದು ಕಂಪ್ಯೂಟರನ್ನು ನಾನೇ ಜೋಡಿಸಿದೆ. ಮುಷ್ಕರ ಹೂಡಿ ಗಣಿ ಮಾಲೀಕರ ಬೆವರಿಳಿಸಿದವನಿಗೆ ನಾಲ್ಕು ಸ್ಕ್ರೂ ಯಾವ ಲೆಕ್ಕ!

ಹತ್ತು ನಿಮಿಷಕ್ಕೆ ಅದು ಸತ್ತಿತು. ಮತ್ತೆ ಎಬ್ಬಿಸಿದೆ. ಅದರ ಮಿದುಳಾದ ಪ್ರೊಸೆಸರ್ ತೊಂಬತ್ತೇಳು ಡಿಗ್ರಿ ಕಾದಿದೆ ಎಂದು ಪರದೆ ತೋರಿಸಿತು; ಮತ್ತೆ ಸತ್ತಿತು. ಅಪರಾಧಿ ಕಣ್ಣೆದುರೇ ಇತ್ತು: ಪೆಟ್ಟಿಗೆಯ ಮೇಲೆ ಹೆಂಡತಿ ಹೊದಿಸಿದ್ದ ಕ್ರೋಶಾ ಬಟ್ಟೆ. ರೇಡಿಯೋ, ಟಿ.ವಿ., ಫ್ರಿಜ್ಜು, ಎಲ್ಲದರ ನೆತ್ತಿಯ ಮೇಲೂ ಅವಳ ಹೆಣಿಗೆಯೇ.

"ಕಸೊಂಡೆ ಅವ್ವಾ, ಉಸಿರುಕಟ್ಟಿಸಿ ಕೊಂದೆಯಲ್ಲೇ ಇದನ್ನ!" ಎಂದೆ. ನಾವು ಒಬ್ಬರನ್ನೊಬ್ಬರು ಕರೆಯುವುದು ಮಗನ ಹೆಸರು ಹಿಡಿದೇ.

"ಅಷ್ಟೊಂದು ತೂತಿರೋ ಬಟ್ಟೆಗೆ ಉಸಿರು ಕಟ್ಟುತ್ತಾ? ಒಳಗೆ ನೀವೇನು ಮಾಡಿಟ್ಟಿದ್ದೀರೋ ನೋಡ್ಕೊಳ್ಳಿ, ಕಸೊಂಡೆ ಅಪ್ಪಾ," ಎಂದು ಅವಳು ಸೋಫಾದಿಂದ ಎದ್ದಳು. ನಮ್ಮ ಕಡೆ ಅಕ್ಟೋಬರೆಂದರೆ ಕಡುಸೆಕೆ; ಸೋಫಾದ ಪ್ಲಾಸ್ಟಿಕ್ ಅವಳ ತೋಳಿಗೆ ಅಂಟಿಕೊಂಡು ಪರ್ರೆಂದಿತು. ಏಳು ವರ್ಷದಿಂದ ಅದನ್ನು ಕೀಳಲು ನಾನು ಬಿಟ್ಟಿಲ್ಲ. ದುಡಿದು ತಂದ ಹೊಸ ವಸ್ತು ಹೊಸದಾಗಿಯೇ ಇರಬೇಕು. ಇದು ನನ್ನ ಮನೆಯ ಸಂವಿಧಾನ!

ಬಟ್ಟೆ ತೆಗೆದೆ. ತೊಂಬತ್ತೇಳು. ಪೆಟ್ಟಿಗೆಯ ಪಕ್ಕೆ ಬಿಚ್ಚಿ ಫ್ಯಾನ್ ಹಚ್ಚಿದೆ. ತೊಂಬತ್ತೇಳು. ಬುಧವಾರ ಬಂತು, ಮುಗಿದದ್ದು ಹನ್ನೊಂದೇ ಹೇಳಿಕೆ. ಹಾಗಾದರೆ ಅಂಗಡಿಯವರದೇ ಮೋಸ! ಹಳೆಯ ಸಂಗಾತಿಗಳನ್ನು ಕರೆದೆ. ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಹೆಣದಂತೆ ಮಲಗಿಸಿ, ಫಲಕ ಹಿಡಿದು ಮೆರವಣಿಗೆ ಹೊರಟೆವು. ಹೆಂಡತಿಯೂ ಬಂದಳು, ಫಲಕವಿಲ್ಲದೆ. ಆ ನಲವತ್ತೊಂದು ಮಂದಿಯಲ್ಲೊಬ್ಬನಾದ ಸಂಗಾತಿ ಸಿಂಬೆಯೆ ಕೂಗಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು.

ಅಂಗಡಿಯ ಒಡತಿ ಮುಟಿಂಟಾ ನಮ್ಮ ಘೋಷಣೆ ಮುಗಿಯುವವರೆಗೆ ಕೈಕಟ್ಟಿ ನಿಂತಿದ್ದಳು. ಆಮೇಲೆ, ಪ್ರೊಸೆಸರಿನ ಮೇಲೆ ಕೂತು ಬಿಸಿ ಹೀರಬೇಕಾದ ಕೂಲರನ್ನು ಬಿಚ್ಚಿ ತಿರುಗಿಸಿದಳು. ಅದರ ತಳದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡೇ ಇತ್ತು.

"ಯಜಮಾನ್ರೇ, ಇದನ್ನ ಕಿತ್ತು ಕೂರಿಸಬೇಕು ಅಂತ ಇಲ್ಲೇ ಕೆಂಪಕ್ಷರದಲ್ಲಿ ಬರೆದಿದೆಯಲ್ಲ?"

"ಓದಿದ್ದೆ. ಹೊಸದು ಗೀರಾಗಬಾರದು ಅಂತ..."

ಸಿಂಬೆಯೆ ಫಲಕವನ್ನು ಬೆನ್ನ ಹಿಂದೆ ಅಡಗಿಸಿದ. ಹೆಂಡತಿ ನನ್ನ ಬೋಳುತಲೆ ತೋರಿಸಿ ಗಂಭೀರವಾಗಿ ಹೇಳಿದಳು: "ತಂಗೀ, ಇದರ ಮೇಲೂ ಒಂದು ಹಾಳೆ ಇರಬೇಕು. ಕೀಳೋಕೆ ಬರುತ್ತಾ ನೋಡು."

ಹಾಳೆ ಕಿತ್ತು ಕೂರಿಸಿದ ಮೇಲೆ ಐವತ್ತೆರಡು ಡಿಗ್ರಿ! ಹಗಲೂರಾತ್ರಿ ಟೈಪು ಮಾಡಿ ಹೆಂಡತಿಯ ಬೆರಳು ಊದಿಕೊಂಡವು; ಶುಕ್ರವಾರ ಮಧ್ಯಾಹ್ನ ಕೊನೆಯ ಹೇಳಿಕೆ, ಸಿಂಬೆಯೆಯದು, ಸಮಿತಿಯ ಮೇಜಿನ ಮೇಲಿತ್ತು.

ಮನೆಗೆ ಬಂದು ಸೋಫಾದ ಪ್ಲಾಸ್ಟಿಕ್ ಹರಿದು ಹಾಕಿದೆ. ಅವಳು ಕೂತಳು. ಪರ್ರೆನ್ನಲಿಲ್ಲ. ಮಾಲೀಕರ ಬಾಯಿಂದ ಕ್ಷಮೆ ಹೊರಡಿಸಿದ ಈ ಗಂಟಲಿಗೆ ತನ್ನ ಕ್ಷಮೆಯ ಮಾತನ್ನು ಹೊರಡಿಸಲು ಇನ್ನೂ ಬಂದಿಲ್ಲ.

ನಗುತ್ತಿರುವವರೇ, ನಿಮಗೇ ಹೇಳುವುದು: ಎದ್ದು ಹೋಗಿ ನಿಮ್ಮ ಸೋಫಾದ ಪ್ಲಾಸ್ಟಿಕ್ ಕೀಳಿ. ಈಗಲೇ! ಆಮೇಲೆ, ಹೆಂಡತಿಯ ಕ್ಷಮೆ ಕೇಳುವುದು ಹೇಗೆಂದು ನನಗೆ ಒಂದು ಸಾಲು ಬರೆದು ತಿಳಿಸಿ.